ಇನ್ನಾಸಣ್ಣ ಕೆತ್ತದೆ ಬಿಟ್ಟ ಹೆಸರು

ಇನ್ನಾಸಣ್ಣನವರ ದೆಸೆಯಿಂದ ಮುನ್ನೂರು ತಟ್ಟೆಯ ಆರ್ಡರು ನನ್ನ ಕೈತಪ್ಪಿತು. ತಟ್ಟೆಗೆ ನಲವತ್ತು ರೂಪಾಯಿ ಲಾಭ ಹಿಡಿಯಿರಿ, ಹನ್ನೆರಡು ಸಾವಿರ. ಅಷ್ಟು ದುಡ್ಡನ್ನು ನಾನು ಒಡಹುಟ್ಟಿದ ತಮ್ಮನಿಗೂ ಬಿಟ್ಟವಳಲ್ಲ. ಮಾರೇನಹಳ್ಳಿಯಲ್ಲಿ ನಮ್ಮ ಬೀದಿಯವರನ್ನು ಕೇಳಿ ನೋಡಿ, "ಪಾತ್ರೆ ಜಯಮ್ಮನ ಕೈಯಿಂದ ಐದು ರೂಪಾಯಿ ಬಿಡಿಸೋದಕ್ಕಿಂತ ಹಸೂ ಬಾಯಿಂದ ಹುಲ್ಲು ಬಿಡಿಸೋದು ಸುಲಭ" ಅನ್ನುತ್ತಾರೆ. ಅಂಥವಳು ಹನ್ನೆರಡು ಸಾವಿರ ಬಿಟ್ಟೆ, ಗೊತ್ತಿದ್ದೂ ಬಿಟ್ಟೆ. ಯಾಕೆಂದರೆ ಒಂದು ಮಧ್ಯಾಹ್ನ ನನ್ನದೇ ಅಂಗಡಿಯಲ್ಲಿ ಕೂತು, ನನ್ನದೇ ಮನೆಯ ಅನ್ನ ಉಣ್ಣುತ್ತಾ, ನನಗೆ ಅವಮಾನವಾಯಿತು. ಕೇಳಿದವರು ಪೆದ್ದಿ ಅಂದರು. ಅನ್ನಲಿ. ಅವರು ಇನ್ನಾಸಣ್ಣನ ಜೊತೆ ಹದಿನಾಲ್ಕು ವರ್ಷ ವ್ಯಾಪಾರ ಮಾಡಿದವರಲ್ಲ.

ಇನ್ನಾಸಪ್ಪ, ನನ್ನ ಬಾಯಲ್ಲಿ ಇನ್ನಾಸಣ್ಣ, ನಮ್ಮ ಅಂಗಡಿಯ ಬಾಗಿಲಲ್ಲಿ ಕೂತು ಪಾತ್ರೆಗೆ ಹೆಸರು ಕೆತ್ತುತ್ತಿದ್ದವರು. ನಮ್ಮ ಕಡೆ ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಂಡವರು ಹೆಸರು ಹಾಕಿಸದೆ ಒಯ್ಯುವುದಿಲ್ಲ. ಕೊಟ್ಟವರು ಯಾರು, ಯಾವ ದಿನ, ಯಾರ ಮದುವೆ, ಎಲ್ಲ ಪಾತ್ರೆಯ ಕಂಠದ ಮೇಲೆ ಬರಬೇಕು. ಇನ್ನಾಸಣ್ಣ ಗೋಣಿಚೀಲ ಮಡಿಸಿ ಹಾಕಿಕೊಂಡು, ಕೊಡವನ್ನು ಎರಡು ಮೊಣಕಾಲ ನಡುವೆ ಒತ್ತಿಹಿಡಿದು, ದಾರ ಕಟ್ಟಿದ ಕನ್ನಡಕ ಮೂಗಿನ ತುದಿಗೆ ಜಾರಿಸಿ, ಕೈಯಲ್ಲಿನ ಪುಟ್ಟ ಮಷೀನನ್ನು ಆನ್ ಮಾಡುತ್ತಿದ್ದರು. ಅದು ಗುಂಯ್ ಅನ್ನುತ್ತಿತ್ತು. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುವುದಿಲ್ಲ, ಸ್ಕೇಲು ಇಡುವುದಿಲ್ಲ. ಆದರೂ ಅಕ್ಷರಗಳು ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ ನಿಲ್ಲುತ್ತಿದ್ದವು.

ಇಷ್ಟೆಲ್ಲ ಹೆಸರು ಕೆತ್ತಿದ ಆ ಮನುಷ್ಯನ ಒಂದು ಸಾಮಾನಿನ ಮೇಲೂ ಅವರ ಹೆಸರಿರಲಿಲ್ಲ. ಊಟದ ಡಬ್ಬಿ ಬೋಳು. ಛತ್ರಿ ಬೋಳು. ಆ ಮಷೀನು ಕೂಡ ಬೋಳು. ಒಂದು ಸಲ ಎದುರು ಹೋಟೆಲಿನಲ್ಲಿ ನೀರು ಕುಡಿಯಲು ಹೋದಾಗ ಯಾರೋ ಡೆಲಿವರಿ ಹುಡುಗ ಅವರ ಡಬ್ಬಿ ತೆಗೆದುಕೊಂಡು ತನ್ನದು ಬಿಟ್ಟುಹೋದ.

"ಹೆಸರು ಹಾಕ್ಕೊಂಡಿದ್ರೆ ಹೀಗಾಗ್ತಿತ್ತಾ ಇನ್ನಾಸಣ್ಣ?" ಅಂದೆ.

ಅವರು ಅವನ ಡಬ್ಬಿ ತೆರೆದು ನೋಡಿದರು. "ಅವನದ್ರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದೆ ಜಯಮ್ಮ. ನನ್ನದ್ರಲ್ಲಿ ನಿನ್ನೆ ಚಿತ್ರಾನ್ನ. ನಷ್ಟ ಆಗಿರೋದು ಅವನಿಗೆ, ಪಾಪ."

ನಾನು ಈ ಊರಿಗೆ ಬಂದಾಗ ಬಾಪೂಜಿ ನಗರದ ಗಲ್ಲಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಿದ್ದವಳು. ಮೂರು ಪ್ಯಾಂಟಿಗೆ ಒಂದು ಡಬರಿ, ಜರಿ ಸೀರೆಯಾದರೆ ಕೊಳಗ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಇನ್ನಾಸಣ್ಣ ಕೆಲಸ ಕೇಳಿಕೊಂಡು ಬಂದ ಮೊದಲ ದಿನವೇ ಸೋಲಿಸಿದರು. ಸುಂಕದಕಟ್ಟೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಹೆಂಡತಿ ತೀರಿಕೊಂಡು ಎರಡು ವರ್ಷ, ಮಗಳು ಸ್ಟೆಲ್ಲಾ ನರ್ಸಿಂಗ್ ಓದುತ್ತಿದ್ದಳು. ಇಷ್ಟು ಕಷ್ಟ ಇರುವವರು ಹೇಳಿದ ಸಂಬಳಕ್ಕೆ ಒಪ್ಪುತ್ತಾರೆ ಅಂತ ಲೆಕ್ಕ ಹಾಕಿದ್ದೆ. ಒಪ್ಪಿದರು ಕೂಡ. ಆದರೆ ಭಾನುವಾರ ಬರುವುದಿಲ್ಲ ಅಂದರು.

ಪಾತ್ರೆ ಅಂಗಡಿಗೆ ಭಾನುವಾರವೇ ಸುಗ್ಗಿ. ಡಬಲ್ ಕೊಡ್ತೀನಿ ಅಂದೆ. ತಲೆ ಅಲ್ಲಾಡಿಸಿದರು. ಮಧ್ಯಾಹ್ನದ ಮೇಲಾದರೂ ಬನ್ನಿ ಅಂದೆ.

"ಭಾನುವಾರ ನಂದಲ್ಲ ಜಯಮ್ಮ. ನಂದಲ್ಲದ್ದನ್ನ ನಿಮಗೆ ಹೇಗೆ ಮಾರಲಿ?"

ಕದ್ದ ಮಾಲು ಕೊಳ್ಳಬಾರದು ಅನ್ನುವುದು ನನ್ನ ದಂಧೆಯ ಮೊದಲ ಪಾಠ. ಭಾನುವಾರ ಬಿಟ್ಟೇ ಕೆಲಸಕ್ಕೆ ಇಟ್ಟುಕೊಂಡೆ. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಭಾನುವಾರ ಬರಲಿಲ್ಲ. ನನ್ನನ್ನು ಚರ್ಚಿಗೆ ಬನ್ನಿ ಅಂತ ಒಂದು ದಿನ ಕರೆಯಲೂ ಇಲ್ಲ. ಅಂಗಡಿಯ ಪೂಜೆಯ ದಿನ ನಾನು ಕುಂಬಳಕಾಯಿ ಒಡೆದರೆ ದೂರ ನಿಂತು, ಆಮೇಲೆ ಬಂದು ಚೂರುಗಳನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸುತ್ತಿದ್ದರು. "ಗಾಡಿಯೋರು ಜಾರಿ ಬೀಳ್ತಾರೆ" ಅಷ್ಟೇ.

ಅವರ ಬುದ್ಧಿ ಎಂಥದು ಅಂತ ಒಂದು ಕೊಡದ ಕಥೆ ಹೇಳಿದರೆ ತಿಳಿಯುತ್ತದೆ. ಅಣ್ಣ ತಮ್ಮ ಇಬ್ಬರು ಸೇರಿ ತಂಗಿಯ ಮದುವೆಗೆ ದೊಡ್ಡ ತಾಮ್ರದ ಕೊಡ ಕೊಂಡರು. ಹಿರಿಯ ನಾನು, ನನ್ನ ಹೆಸರು ಮೊದಲು ಅಂತ ಅಣ್ಣ. ದುಡ್ಡು ಹೆಚ್ಚು ಹಾಕಿದ್ದು ನಾನು ಅಂತ ತಮ್ಮ. ಅಂಗಡಿಯಲ್ಲೇ ಕಾಲರು ಹಿಡಿಯುವ ಹೊತ್ತಾಯಿತು. ಇನ್ನಾಸಣ್ಣ ಕೊಡವನ್ನು ತಿರುಗಿಸುತ್ತಾ ತಿರುಗಿಸುತ್ತಾ ಬಾಯಿಯ ಸುತ್ತ ಇಬ್ಬರ ಹೆಸರನ್ನೂ ಬಳೆಯ ಹಾಗೆ ಕೆತ್ತಿ ಮುಗಿಸಿದರು. ಎಲ್ಲಿಂದ ಶುರು, ಎಲ್ಲಿ ಕೊನೆ, ಬ್ರಹ್ಮನಿಗೂ ಗೊತ್ತಾಗಬಾರದು. "ನೀವು ನಿಂತಿರೋ ಕಡೆಯಿಂದ ನಿಮ್ಮ ಹೆಸರೇ ಮೊದಲು" ಅಂತ ಇಬ್ಬರಿಗೂ ಹೇಳಿ ಕಳಿಸಿದರು. ಆಮೇಲೆ ಆ ನಮೂನೆಗೇ ಗಿರಾಕಿ ಹೆಚ್ಚಾದರು.

ಹಳೇ ಪಾತ್ರೆ ತೂಕಕ್ಕೆ ಬಂದಾಗ ಮಾತ್ರ ಅವರು ಕೆಲಸ ನಿಲ್ಲಿಸಿ ಎದ್ದು ಬರುತ್ತಿದ್ದರು. ತಕ್ಕಡಿಗೆ ಹಾಕುವ ಮುಂಚೆ ಒಂದೊಂದನ್ನೂ ಎತ್ತಿ ಹೆಸರು ಓದುತ್ತಿದ್ದರು. ಪುಟ್ಟತಾಯಮ್ಮ. ಸಾವಿತ್ರಿಯ ಮದುವೆಗೆ ಸೋದರಮಾವ. ಕೆಲವಂತೂ ಅವರೇ ಕೆತ್ತಿದವು.

"ಎಷ್ಟು ಚೆನ್ನಾಗಿ ಕೆತ್ತಿದ್ರೂ ಹೆಸರಿಗೆ ತೂಕ ಇಲ್ಲ ನೋಡಿ" ಅನ್ನುವರು.

"ಇದ್ದಿದ್ರೆ ಅದಕ್ಕೂ ನಾನೇ ದುಡ್ಡು ಕೊಡಬೇಕಿತ್ತು, ಸುಮ್ನೆ ಹಾಕಿ" ಅನ್ನುತ್ತಿದ್ದೆ.

"ನಿಮ್ಮ ತಕ್ಕಡೀಲಿ ಇಲ್ಲ ಅಂದೆ. ಹೆಸರು ಬರ್ಕೊಳ್ಳೋ ಜಾಗ ಬೇರೆ ಇದೆ. ಅಲ್ಲಿ ಬರೆಯೋನು ನಾನಲ್ಲ." ಇಷ್ಟು ಹೇಳಿ ಗೋಣಿಚೀಲಕ್ಕೆ ವಾಪಸು. ಅದಕ್ಕಿಂತ ಉದ್ದದ ಉಪದೇಶ ಅವರ ಬಾಯಲ್ಲಿ ನಾನು ಕೇಳಿಲ್ಲ.

ಈಗ ತಟ್ಟೆಯ ವಿಷಯಕ್ಕೆ ಬರುತ್ತೇನೆ.

ಫಿಲಿಪ್ ಅಂತ ಒಬ್ಬರು. ಮಾಗಡಿ ರೋಡಿನಲ್ಲಿ ಕಲ್ಯಾಣಮಂಟಪ ಇಟ್ಟುಕೊಂಡವರು, ಇನ್ನಾಸಣ್ಣ ಹೋಗುತ್ತಿದ್ದ ಚರ್ಚಿನ ಕಮಿಟಿಯಲ್ಲಿ ದೊಡ್ಡ ಕೈ. ಚರ್ಚಿನ ಹಬ್ಬಕ್ಕೆ ಎಲ್ಲರಿಗೂ ಊಟ ಹಾಕುತ್ತಾರೆ. ಅದಕ್ಕೆ ಮುನ್ನೂರು ಸ್ಟೀಲ್ ತಟ್ಟೆ ದಾನ ಮಾಡುತ್ತೇನೆ ಅಂತ ಬಂದರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಅವರ ಅಪ್ಪ ಸವರಿಯಪ್ಪ ಕಲ್ಲು ಒಡೆದು ಮಗನನ್ನು ಸಾಕಿದವರಂತೆ. ಅಪ್ಪನ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳಲಿ ಅನ್ನುವುದು ಯಾವ ಮಗನಿಗೂ ಇರುವ ಆಸೆಯೇ. ರೇಟು ಕುದುರಿತು. ಅವರು ಇಪ್ಪತ್ತು ರೂಪಾಯಿ ಇಳಿಸಿದರು, ನಾನು ಹದಿನೈದು ಏರಿಸಿದೆ. ಟೀ ತರಿಸಿದೆ. ಆಮೇಲೆ ಅವರು ಇನ್ನಾಸಣ್ಣನ ಮುಂದೆ ಚೀಟಿ ಇಟ್ಟರು. "ದಿವಂಗತ ಸವರಿಯಪ್ಪನವರ ನೆನಪಿಗೆ, ಮಗ ಫಿಲಿಪ್ ದಾನ."

"ಎಲ್ಲಿ ಹಾಕ್ಲಿ ಸಾರ್?"

"ಒಳಗೆ. ನಡೂಮಧ್ಯ. ಎದ್ದು ಕಾಣಬೇಕು."

"ಬೆನ್ನಿಗೆ ಹಾಕ್ತೀನಿ. ಚೆನ್ನಾಗಿ ಹಾಕ್ತೀನಿ."

"ಬೆನ್ನು ಯಾರು ನೋಡ್ತಾರೆ ಇನ್ನಾಸಪ್ಪ?"

"ತೊಳೆಯೋರು ನೋಡ್ತಾರೆ ಸಾರ್."

ಫಿಲಿಪ್ ನಕ್ಕರು. ಇನ್ನಾಸಣ್ಣ ನಗಲಿಲ್ಲ. ಕನ್ನಡಕ ತೆಗೆದರು. "ಹಬ್ಬದ ಊಟಕ್ಕೆ ಬರೋರಲ್ಲಿ ಅರ್ಧ ಜನ ಬೆಳಗ್ಗೆಯಿಂದ ಏನೂ ತಿಂದಿರಲ್ಲ. ಅನ್ನ ಕಮ್ಮಿ ಆಗ್ತಾ ಆಗ್ತಾ ಕೆಳಗಿಂದ ನಿಮ್ಮ ಹೆಸರು ಏಳುತ್ತೆ. ಅವನು ಉಂಡಿದ್ದು ದೇವರ ಮನೇಲಾ, ನಿಮ್ಮ ಮನೇಲಾ?"

ನಾನು ಕೌಂಟರಿನ ಹಿಂದಿನಿಂದ ಕಣ್ಸನ್ನೆ ಮಾಡಿದೆ. ಅವರು ನೋಡಿಯೂ ನೋಡಲಿಲ್ಲ.

ಫಿಲಿಪ್‌ಗೆ ಮುಖ ಕೆಂಪಾಯಿತು. ಆದರೆ ಅವರೂ ವ್ಯಾಪಾರಸ್ಥರು, ಸಿಟ್ಟಿಗಿಂತ ಆಫರು ಮುಂದೆ ಬಂತು. ಅದೇನೆಂದು ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ಈ ಊರಿನಲ್ಲಿ ಬದುಕಿದ್ದವರಿಗೇ ಜಾಗ ಇಲ್ಲ, ಸತ್ತವರಿಗೆ ಎಲ್ಲಿಂದ ಬರಬೇಕು. ಆ ಚರ್ಚಿನ ಸಮಾಧಿ ಭೂಮಿಯಲ್ಲಿ ದುಡ್ಡು ಕಟ್ಟಿ ಕಾಯಂ ಮಾಡಿಸಿಕೊಂಡರೆ ಕಲ್ಲು ನಿಲ್ಲಿಸಬಹುದು. ಇಲ್ಲದವರದು ಕೆಲವು ವರ್ಷ ಇರುತ್ತದೆ, ಆಮೇಲೆ ಅದೇ ಗುಂಡಿಗೆ ಇನ್ನೊಬ್ಬರು. ಇನ್ನಾಸಣ್ಣನ ಹೆಂಡತಿ ಮರಿಯಮ್ಮನ ಸರದಿ ಆ ವರ್ಷ ಬಂದಿತ್ತು.

"ನಿನ್ನ ಹೆಂಡತೀದು ಬರೋ ತಿಂಗಳು ತೆಗೀತಾರಲ್ಲ" ಅಂದರು ಫಿಲಿಪ್, ದನಿ ತಗ್ಗಿಸಿ. "ಕಮಿಟೀಲಿ ನಾನು ಮಾತಾಡ್ತೀನಿ. ಕಾಯಂ ಮಾಡಿಸ್ತೀನಿ. ಕಪ್ಪು ಕಲ್ಲು ನನ್ನ ಖರ್ಚು. ಹೆಸರು ಬೇಕಾದ್ರೆ ನೀನೇ ಕೆತ್ತು. ನೀನು ನನಗೆ ಮುನ್ನೂರು ತಟ್ಟೆ ಕೆತ್ತಿಕೊಡು, ಅಷ್ಟೇ."

ಇನ್ನಾಸಣ್ಣನ ಹೆಬ್ಬೆರಳು ಮಷೀನಿನ ಸ್ವಿಚ್ಚಿನ ಮೇಲಿತ್ತು. ಊರವರ ಹೆಸರನ್ನೆಲ್ಲ ಕೆತ್ತಿದ ಕೈಗೆ ಅದೊಂದು ಹೆಸರು ಕೆತ್ತುವ ಆಸೆ ಇರಲಿಲ್ಲ ಅಂದರೆ ನಾನು ನಂಬುವುದಿಲ್ಲ. "ನಾಳೆ ಹೇಳ್ತೀನಿ ಸಾರ್" ಅಂದರು.

ಮರುದಿನ ಬೆಳಗ್ಗೆ ಅಂಗಡಿ ಬಾಗಿಲು ಎತ್ತುತ್ತಲೇ ನಾನು ಶುರು ಮಾಡಿದೆ. "ಒಪ್ಕೊಳ್ಳಿ ಅಣ್ಣ. ಇಷ್ಟು ಒಳ್ಳೇ ವ್ಯಾಪಾರ ಜನ್ಮಕ್ಕೆ ಒಂದು ಸಲ ಬರೋದು. ಅವರಿಗೆ ಹೆಸರು, ನಿಮಗೆ ಕಲ್ಲು, ನನಗೆ ಆರ್ಡರು. ಯಾರಿಗೆ ನಷ್ಟ?"

"ನಿನ್ನೆ ಸಂಜೆ ಅವಳ ಹತ್ರ ಹೋಗಿ ಕೂತಿದ್ದೆ" ಅಂದರು. "ಮರದ ಶಿಲುಬೆ ಮೇಲೆ ಬರೆದಿದ್ದ ಹೆಸರು ಮಳೆಗೆ ಎಂದೋ ಅಳಿಸಿಹೋಗಿದೆ. ಅಕ್ಕಪಕ್ಕದ್ದೆಲ್ಲ ಒಂದೇ ತರ. ಆದ್ರೂ ನಾನು ಸೀದಾ ಹೋಗಿ ಅಲ್ಲೇ ಕೂತೆ ಜಯಮ್ಮ. ಅವಳ ಗುರುತು ಹಿಡಿಯೋಕೆ ನನಗೇ ಹೆಸರು ಬೇಕಾಗ್ಲಿಲ್ಲ. ದೇವರಿಗೆ ಬೇಕಾಗುತ್ತಾ?"

"ದೇವರ ವಿಷಯ ಬಿಡಿ, ಸ್ಟೆಲ್ಲಾಗೆ ಅವರಮ್ಮನ ಕಲ್ಲು ಬೇಡ್ವಾ?"

"ಕೇಳಿದೆ. ಅತ್ತಳು. ಆಮೇಲೆ, ಅಮ್ಮ ಇದ್ದಿದ್ರೆ ಆ ತಟ್ಟೇಲಿ ಉಣ್ತಿದ್ಳಾ ಅಂದ್ಳು."

ನನಗೆ ರೇಗಿತು. ನನ್ನ ಅಂಗಡಿ, ನನ್ನ ಗಿರಾಕಿ. ಪಕ್ಕದ ಅಂಗಡಿಯವನು ಆಗ ತಾನೇ ಲೇಸರ್ ಮಷೀನು ತಂದಿದ್ದ, ಹೆಸರೇನು, ಫೋಟೋ ಬೇಕಾದರೂ ಮೂಡಿಸುತ್ತಿದ್ದ. "ನೀವು ಕೆತ್ತದಿದ್ರೆ ಅಲ್ಲಿ ಮಾಡಿಸ್ತೀನಿ. ನೀವು ನಾಳೆಯಿಂದ ಬರೋದೂ ಬೇಡ" ಅಂದುಬಿಟ್ಟೆ.

ಅವರು ಮಷೀನಿಗೆ ವೈರು ಸುತ್ತಿದರು. ಗೋಣಿಚೀಲ ಝಾಡಿಸಿ ಮಡಿಸಿದರು. "ಸರಿ. ನಿಮ್ಮ ಅಂಗಡಿ. ಆದ್ರೆ ಒಂದು ಮಾತು. ಮುನ್ನೂರಕ್ಕೆ ಹಾಕಿಸೋ ಮುಂಚೆ ಒಂದಕ್ಕೆ ಹಾಕಿಸಿ, ಇವತ್ತು ಅದ್ರಲ್ಲೇ ಊಟ ಮಾಡಿ. ನಾನು ಬೀಡಾ ಅಂಗಡಿ ಹತ್ರ ಕೂತಿರ್ತೀನಿ."

ಹಟಕ್ಕೆ ಬಿದ್ದು ಹಾಕಿಸಿದೆ. ಲೇಸರು ಅಕ್ಷರ ಚೆನ್ನಾಗಿಯೇ ಬಂದಿತ್ತು, ಕಡುಕಪ್ಪು. ಮಧ್ಯಾಹ್ನ ತಟ್ಟೆ ತೊಳೆದು, ಮನೆಯಿಂದ ಬಂದ ಅನ್ನ ಹಾಕಿಕೊಂಡು, ಸೊಪ್ಪಿನ ಸಾರು ಸುರಿದು ಕಲಸಿದೆ. ಮೊದಲ ನಾಲ್ಕು ತುತ್ತು ಏನೂ ಇಲ್ಲ. ಆಮೇಲೆ ಸಾರಿನ ಕೆಳಗಿಂದ "ದಾನ" ಅನ್ನುವುದು ಎದ್ದಿತು. ಇನ್ನೆರಡು ತುತ್ತಿಗೆ "ಫಿಲಿಪ್". ಕೈ ನಿಂತಿತು.

ಬುಟ್ಟಿ ಹೊರುತ್ತಿದ್ದ ದಿನಗಳಲ್ಲಿ ಒಂದು ಮನೆಯ ಯಜಮಾನಿ ನನಗೆ ಜಗಲಿಯಲ್ಲಿ ಅನ್ನ ಹಾಕಿ, ಮುಗಿಯುವವರೆಗೂ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಆಮೇಲೆ ವರ್ಷಗಟ್ಟಲೆ, ನಾನು ಯಾವ ಬೀದಿಯಲ್ಲಿ ಕಂಡರೂ ಪಕ್ಕದವರಿಗೆ "ಇವಳು ನಮ್ಮನೇಲಿ ಉಂಡೋಳು" ಅನ್ನುತ್ತಿದ್ದಳು. ಆ ಮಾತಿಗೆ ಹೆದರಿಯೇ ನಾನು ಹಸಿವಾದರೂ ಆ ಬೀದಿ ಬಿಟ್ಟಿದ್ದೆ. ಈಗ ನನ್ನ ದುಡ್ಡಿನ ಅಕ್ಕಿ, ನನ್ನ ಕೈಯ ಸಾರು, ನನ್ನ ಅಂಗಡಿಯ ನೆರಳು. ಆದರೂ ತಟ್ಟೆಯೊಳಗಿನಿಂದ ಯಾರೋ ಒರಗಿ ನಿಂತು ನೋಡುತ್ತಿದ್ದಾರೆ. ನನಗೇ ಹೀಗಾದರೆ, ನಿಜವಾಗಿ ಹಸಿದು ಬಂದವನಿಗೆ?

ಉಳಿದ ಅನ್ನವನ್ನು ಬೇರೆ ತಟ್ಟೆಗೆ ಹಾಕಿಕೊಂಡು ಉಂಡೆ. ಅನ್ನ ಬಿಸಾಡುವವಳಲ್ಲ ನಾನು. ಕೈ ತೊಳೆದು ಫಿಲಿಪ್‌ಗೆ ಫೋನು ಮಾಡಿದೆ.

"ಸಾರ್, ನಿಮ್ಮ ತಟ್ಟೆ ನಮ್ಮಲ್ಲಿ ಆಗಲ್ಲ."

"ಯಾಕ್ರೀ? ಆ ಇನ್ನಾಸಪ್ಪನ ಮಾತು ಕೇಳ್ಕೊಂಡು ವ್ಯಾಪಾರ ಮಾಡ್ತೀರಾ?"

"ಬೆನ್ನಿಗಾದ್ರೆ ಮಾಡಿಸಿಕೊಡ್ತೀನಿ. ತಟ್ಟೆಗೆ ಹತ್ತು ರೂಪಾಯಿ ಬಿಡ್ತೀನಿ ಕೂಡ."

ಫೋನು ಕಟ್ಟಾಯಿತು. ಆರ್ಡರು ಪಕ್ಕದ ಅಂಗಡಿಗೆ ಹೋಯಿತು. ನಾನು ಬೀಡಾ ಅಂಗಡಿಯ ಹತ್ತಿರ ಹೋಗಿ, "ಏಳಿ, ಬೇಸನ್‌ಗೆ ಹೆಸರು ಹಾಕೋರು ಕಾಯ್ತಾ ಇದಾರೆ" ಅಂದೆ. ಅವರು ಎದ್ದು ಬಂದರು. ಗಿರಾಕಿ ಯಾರೂ ಕಾಯುತ್ತಿರಲಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು.

ಆ ವರ್ಷದ ಹಬ್ಬದ ಊಟಕ್ಕೆ ಇನ್ನಾಸಣ್ಣ ಒಂದು ಬಾಳೆಎಲೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದರಂತೆ. ಸ್ಟೆಲ್ಲಾ ಬಂದು ಹೇಳಿದಳು. ಸಾಲಿನಲ್ಲಿ ಎಲ್ಲರ ಮುಂದೆ ಹೊಳೆಯುವ ತಟ್ಟೆ, ಅಪ್ಪನ ಮುಂದೆ ಎಲೆ. ಬಡಿಸುವವರು ಗುಸುಗುಸು ಅಂದರು, ಫಿಲಿಪ್ ದೂರದಿಂದ ನೋಡಿ ಬೇರೆ ಕಡೆ ತಿರುಗಿದರು. ಇನ್ನಾಸಣ್ಣ ಎಲೆಗೆ ನೀರು ಚಿಮುಕಿಸಿ, ಶಿಲುಬೆ ಗುರುತು ಮಾಡಿಕೊಂಡು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರಂತೆ. ಮುಂದಿನ ವರ್ಷ ಅದೇ ಸಾಲಿನಲ್ಲಿ ಆರು ಎಲೆ. ಅದರ ಮುಂದಿನ ವರ್ಷ ಕಮಿಟಿಯವರೇ ಬಾಳೆಎಲೆ ತರಿಸಿದರು, ತೊಳೆಯುವ ಕೆಲಸ ಉಳಿಯುತ್ತದೆ ಅಂತ ಕಾರಣ ಕೊಟ್ಟರು.

ಆ ತಟ್ಟೆ ಗಲಾಟೆಯ ಮರುತಿಂಗಳು, ಮರಿಯಮ್ಮನ ಗುಂಡಿಯನ್ನು ಇನ್ನೊಬ್ಬರಿಗಾಗಿ ತೆಗೆದ ದಿನ ಅವರು ಅರ್ಧ ದಿನ ರಜ ಕೇಳಿದರು. ಮಧ್ಯಾಹ್ನ ವಾಪಸು ಬಂದಾಗ ಚಪ್ಪಲಿಯಲ್ಲಿ ಕೆಂಪು ಮಣ್ಣಿತ್ತು. ನಾನು ಟೀ ಕೊಟ್ಟೆ. ಕುಡಿದು, ಮಷೀನು ಆನ್ ಮಾಡಿ, ಯಾರದೋ ಮಗುವಿನ ನಾಮಕರಣದ ಬಟ್ಟಲಿಗೆ ಹೆಸರು ಹಾಕಿದರು. ಅಕ್ಷರ ಒಂದೂ ಅಲುಗಲಿಲ್ಲ. ಆದರೆ ಆ ಚಪ್ಪಲಿಯ ಮಣ್ಣನ್ನು ಸಂಜೆಯವರೆಗೂ ಕೊಡವಲಿಲ್ಲ.

ಕೊನೆಯ ಸಲ ನೋಡಿದ್ದು ಸುಂಕದಕಟ್ಟೆಯ ಅದೇ ಒಂದು ಕೋಣೆಯಲ್ಲಿ. ಸ್ಟೆಲ್ಲಾಗೆ ಆಸ್ಪತ್ರೆಯಲ್ಲಿ ಕೆಲಸವಾಗಿತ್ತು, ದೊಡ್ಡ ಮನೆ ಮಾಡೋಣ ಅಂದರೆ ಅಪ್ಪ ಒಪ್ಪುವುದಿಲ್ಲ ಅಂತ ದೂರು ಹೇಳಿದಳು. ಮಂಚ, ಗೋಡೆಗೆ ಶಿಲುಬೆ, ಒಂದು ಜಪಮಾಲೆ, ಬೋಳು ಡಬ್ಬಿ. ಇನ್ನಾಸಣ್ಣನ ಎದೆಯಲ್ಲಿ ನೀರು ತುಂಬಿ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಒಂದು ಹೊಸ ಲೋಟ ಒಯ್ದಿದ್ದೆ, ದಪ್ಪ ತಳದ್ದು.

"ಹೆಸರು ಹಾಕಿಸಿಲ್ಲ, ಹೆದರಬೇಡಿ" ಅಂದೆ.

ನಕ್ಕರು. ಅದರಲ್ಲೇ ಎರಡು ಗುಟುಕು ನೀರು ಕುಡಿದರು. ನನ್ನ ಬಾಯಿ ಸುಮ್ಮನಿರುವುದಿಲ್ಲ, ಕೇಳಿಯೇಬಿಟ್ಟೆ. "ಅವತ್ತು ಒಪ್ಕೊಂಡಿದ್ರೆ ಮರಿಯಮ್ಮನ ಕಲ್ಲು ಇರ್ತಿತ್ತು. ನೀವು ಕೆತ್ತಿದ ಹೆಸರು ಇರ್ತಿತ್ತು. ನೋವಿಲ್ವಾ ಅಣ್ಣ?"

"ನೋವಿಲ್ಲ ಅಂದ್ರೆ ಸುಳ್ಳಾಗುತ್ತೆ." ಉಸಿರು ತೆಗೆದುಕೊಂಡರು. "ಆದ್ರೆ ಜಯಮ್ಮ, ಅಲ್ಲೂ ಅವಳು ಬಾಡಿಗೆಗೇ ಇದ್ದಿದ್ದು. ಖಾಲಿ ಮಾಡಿಸಿದ್ರು. ಸ್ವಂತ ಮನೆಗೆ ಹೋದೋಳಿಗೆ ಬಾಡಿಗೆ ಮನೆ ಬಾಗಿಲಲ್ಲಿ ಬೋರ್ಡು ಯಾಕೆ?"

ಹತ್ತು ದಿನಕ್ಕೆ ಹೋದರು. ನಾನು ಕಲ್ಲಿನವನ ಹತ್ತಿರ ಮಾತಾಡಿ, ಅರ್ಧಕ್ಕರ್ಧ ಇಳಿಸಿ, ಕಾಯಂ ಜಾಗಕ್ಕೂ ನಾನೇ ಕಟ್ಟುತ್ತೇನೆ ಅಂತ ಸ್ಟೆಲ್ಲಾಗೆ ಹೇಳಿದೆ. ಹನ್ನೆರಡು ಸಾವಿರ ಬಿಟ್ಟವಳಿಗೆ ಇನ್ನಷ್ಟು ಬಿಡುವುದು ಕಷ್ಟವಲ್ಲ.

"ಬೇಡ ಆಂಟಿ. ಅಪ್ಪ ಹೇಳಿ ಹೋಗಿದಾರೆ. ಎಲ್ಲರ ಸಾಲಲ್ಲೇ ಇಡಿ, ಸರದಿ ಬಂದಾಗ ಜಾಗ ಬಿಡಿ ಅಂತ."

ನಾನು ಎಷ್ಟೋ ಜನರ ಜೊತೆ ಚೌಕಾಸಿ ಮಾಡಿದ್ದೇನೆ, ಸತ್ತವರ ಜೊತೆ ಮಾಡಲು ಬರುವುದಿಲ್ಲ. ಮರದ ಶಿಲುಬೆ ನೆಟ್ಟೆವು. ಅದರ ಮೇಲೆ ಏನೂ ಬರೆಯಲಿಲ್ಲ. ಮೊನ್ನೆ ಹೂವು ಒಯ್ದಿದ್ದೆ. ಅಲ್ಲಿ ಅಂಥವು ಎಷ್ಟೋ ಇವೆ. ಆದರೂ ಕಾಲು ಸೀದಾ ಹೋಗಿ ಅಲ್ಲೇ ನಿಂತಿತು.

ಈಗ ನಿಮಗೆ ಒಂದು ಮಾತು, ನನ್ನ ಕಸುಬಿನದು. ಊಟಕ್ಕೆ ತಟ್ಟೆ ದಾನ ಮಾಡುವುದಿದ್ದರೆ ಯಾವ ಅಂಗಡಿಗಾದರೂ ಹೋಗಿ, ಆದರೆ ಕೈಗೆ ತೆಗೆದುಕೊಂಡು ನೋಡಿ. ನಡುವೆ ಹೆಬ್ಬೆರಳಿನಿಂದ ಒತ್ತಿ. ಟಕ್ ಅಂದರೆ ತೆಳು, ಬೇಡ. ಅಂಚಿನ ಮೇಲೆ ಬೆರಳು ಎಳೆಯಿರಿ. ಚುಚ್ಚಿದರೆ ಮಕ್ಕಳ ಕೈ ಕೊಯ್ಯುತ್ತದೆ. ಹೇಳಿದ ರೇಟಿಗೆ ಒಪ್ಪಬೇಡಿ, ನನ್ನ ಹತ್ತಿರವೂ. ಹೆಸರು ಬೇಕೇ ಬೇಕು ಅಂದರೆ ಬೆನ್ನಿಗೆ ಹಾಕಿಸಿ, ತೊಳೆಯುವವರು ಓದಿಕೊಳ್ಳುತ್ತಾರೆ. ಅಲ್ಲ, ಒಳಗೇ ಬೇಕು ಅನ್ನುವವರು ನಮ್ಮ ಮೆಟ್ಟಿಲು ಹತ್ತುವುದು ಬೇಡ, ಪಕ್ಕದಲ್ಲಿ ಲೇಸರ್ ಇದೆ. ಅಲ್ಲಿಯೂ ಮೊದಲು ಒಂದೇ ಒಂದಕ್ಕೆ ಹಾಕಿಸಿ. ಮನೆಗೆ ಒಯ್ದು, ಯಾರದಾದರೂ ಬೇರೆಯವರ ಹೆಸರಿರುವ ತಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು, ಸಾರನ್ನ ಕಲಸಿಕೊಂಡು ತಳ ಕಾಣುವವರೆಗೆ ಉಣ್ಣಿ. ಆಮೇಲೆ ಆರ್ಡರು ಕೊಡಿ.